ಮೋರಿಗೆ ಖಣ ಕಟ್ಟಿದ ದಿನ

ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಜೋರು ಮಳೆ ಬಂದರೆ ಮೊದಲು ಮುಳುಗುವುದು ಸ್ಕೂಟರುಗಳು, ಆಮೇಲೆ ನಮ್ಮ ಮೆಟ್ಟಿಲು. ದೊಡ್ಡ ರಸ್ತೆಯ ನೀರೆಲ್ಲ ತವರಿಗೆ ಬಂದಂತೆ ನಮ್ಮಲ್ಲಿಗೇ ಬರುತ್ತದೆ, ಬಂದ ಮೇಲೆ ಹೋಗುವ ಮಾತೇ ಇಲ್ಲ. ಯಾರಾದರೂ ಬಂದು ಸರಿಮಾಡಲಿ ಎಂದು ಕಾಯುತ್ತ ಕೂತರೆ ಮೀನು ಸಾಕಬಹುದು. ಅದಕ್ಕೇ ಗಲ್ಲಿಯ ಗಂಡಸರು ಹಾರೆ ಹಾಕಿ ಮ್ಯಾನ್‌ಹೋಲಿನ ಮುಚ್ಚಳ ಎತ್ತಿಬಿಡುತ್ತಾರೆ. ಎತ್ತಿದ ಮೇಲೆ ಅದರೊಳಗೆ ಯಾರೂ ಕಾಲಿಡಬಾರದಲ್ಲ, ಅದಕ್ಕೆ ಉದ್ದನೆಯ ಬೇವಿನ ಕೊಂಬೆಯೊಂದನ್ನು ಅದರ ಬಾಯಲ್ಲಿ ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಬೇವೇ ಯಾಕೆಂದರೆ, ಗಲ್ಲಿಯಲ್ಲಿ ಇರುವುದು ಅದೊಂದೇ ಮರ.

ಆ ಶ್ರಾವಣದ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನೋಡುವುದೇನು ಮಣ್ಣು, ಆ ಹುಡುಗನನ್ನು ನಾನು ಮಾದಾಪುರದ ಆಫೀಸಿನಲ್ಲಿ ದಿನಾ ನೋಡುತ್ತಿದ್ದೆ. ಅವನೂ ನಮ್ಮಂತೆ ರಾಯಚೂರು ಕಡೆಯವನು. ಇಬ್ಬರಿಗೂ ಮನಸ್ಸಾಗಿತ್ತು, ಎರಡೂ ಮನೆಯವರು ಒಪ್ಪಿದ್ದರು. ಉಳಿದಿದ್ದು ಅವನ ಅಜ್ಜಿಯ ಮಾತು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ಆಯಿ ಹೂಂ ಅಂದರೆ ಮದುವೆ, ಊಹೂಂ ಅಂದರೆ ಮುಗಿಯಿತು. ಹಿಂದೊಮ್ಮೆ ಹಿರಿಯ ಮೊಮ್ಮಗನಿಗೆ ನೋಡಿದ ಸಂಬಂಧವನ್ನು ಚಹಾ ತಣ್ಣಗಿತ್ತೆಂದು ಬಿಟ್ಟು ಬಂದಿದ್ದರಂತೆ.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ನನ್ನವ್ವ," ಎಂದಳು ಅವ್ವ. "ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು."

ನಾನು ತಲೆಯಾಡಿಸಿದೆ. ಅವತ್ತು ಬಾವಿಗೆ ಬೀಳು ಎಂದಿದ್ದರೂ ತಲೆಯಾಡಿಸುತ್ತಿದ್ದೆ, ಅಷ್ಟು ಹಿಗ್ಗು. ಬಳೆ ಏರಿಸಿಕೊಂಡರೆ ನಗು, ಪಿನ್ನು ಚುಚ್ಚಿದರೆ ನಗು.

ಬೆಳಗಿನಿಂದ ಬಿದ್ದ ಮಳೆಗೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಗಂಡಸರು ಮುಚ್ಚಳ ಎತ್ತಿದರು, ಕೊಂಬೆ ಕಡಿದು ತಂದರು, ಆದರೆ ಕೆಂಪು ಬಟ್ಟೆ ಯಾರ ಬಳಿಯೂ ಇರಲಿಲ್ಲ. "ಅಮ್ಮಾ, ಲಾಲ್ ಕಪಡಾ ದೇದೋ," ಎಂದು ನಮ್ಮ ಕಿಟಕಿಗೆ ಕೂಗಿದರು. ಅವ್ವನ ಒಂದು ಕೈ ಶಿರಾ ಕೆದಕುತ್ತಿತ್ತು. ಇನ್ನೊಂದು ಕೈಗೆ ಸಿಕ್ಕಿದ್ದು ಯಾವುದೋ ಮದುವೆಯಲ್ಲಿ ಉಡಿ ತುಂಬಿದಾಗ ಬಂದಿದ್ದ ಕುಪ್ಪಸದ ಖಣ, ಕೆಂಪು ಮೈ, ಹಸಿರು ಅಂಚು. ಅದನ್ನೇ ಎಸೆದಳು. ಬೇವಿಗೆ ಖಣ ಉಡಿಸಿದರೆ ನಮ್ಮ ಕಡೆಯ ಹೆಂಗಸರ ಕಣ್ಣಿಗೆ ಅದು ಏನಾಗುತ್ತದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬಂದವರ ಕಾರು ಗಲ್ಲಿಯೊಳಗೆ ಬರಲಾರದೆ ದೊಡ್ಡ ರಸ್ತೆಯಲ್ಲೇ ನಿಂತಿತು. ನಾನು ಕಿಟಕಿಯ ಮರೆಯಲ್ಲಿದ್ದೆ. ಮುಂದೆ ಹುಡುಗ, ಪ್ಯಾಂಟು ಮಡಚಿ, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು. ಅವನ ಹಿಂದೆ ಗೋಡೆ ಹಿಡಿದುಕೊಂಡು ಅವನ ಕಾಕಾ. ಕೊನೆಗೆ ಕೋಲೂರುತ್ತ ಆಯಿ. ಹುಡುಗನ ಸಣಕಲು ಕಾಲು ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಆಯಿ ಥಟ್ಟನೆ ನಿಂತರು. ಕೊಂಬೆಯನ್ನೇ ನೋಡಿದರು. ಕಾಲಿನ ಚಪ್ಪಲಿ ಬಿಟ್ಟರು, ಅವು ತೇಲಿಕೊಂಡು ಹೋದವು. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಮುಗಿದು, ಗೋಡೆ ಬಿಟ್ಟು ನೇರವಾಗಿ ಮ್ಯಾನ್‌ಹೋಲಿನ ಕಡೆಗೆ ಹೊರಟರು. ಮುಂದಿದ್ದ ಗಂಡಸರಿಬ್ಬರಿಗೂ ಗೊತ್ತೇ ಆಗಲಿಲ್ಲ. ಮಾಳಿಗೆಯ ಮೇಲಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು. ಆಯಿ ತಿರುಗಿ ನೋಡಲಿಲ್ಲ.

ಕರೆಯುವವರೆಗೆ ಹೆಣ್ಣು ಹೊರಗೆ ಬರಬಾರದು. ನಾನು ಇಳಕಲ್ ಸೀರೆಯ ನಿರಿಗೆ ಎತ್ತಿಕಟ್ಟಿ ಓಡಿದೆ. ಹಿಂದಿನಿಂದ ಹೋಗಿ ಸೊಂಟ ಹಿಡಿದು ಎಳೆದೆ, ಇಬ್ಬರೂ ನೀರಿನಲ್ಲಿ ಕುಕ್ಕರಿಸಿದೆವು. ಬಾಯಿಯ ಬೀಗ ಅಲ್ಲಿಗೆ ಕಳಚಿಬಿತ್ತು.

"ಕಣ್ ಕಾಣಸ್ತಾವಿಲ್ರಿ ನಿಮಗ? ಇಷ್ಟ ವಯಸ್ಸಾಗೈತಿ, ಬುದ್ಧಿ ಬ್ಯಾಡಾ? ಮಂದಿ ಬಾಯಿ ಬಡಕೊಳ್ಳಾಕತ್ತಾರ, ನೀವು ಹೊಂಟೀರಿ ಹೊಂಟೀರಿ. ಅದು ದೇವಿ ಅಲ್ರಿ, ಮೋರಿ."

"ದೇವಿಗೆ ಮೋರಿ ಅಂತೀಯೇನ? ಬಿಡ ನನ್ನ."

ಅಷ್ಟರಲ್ಲಿ ಅವರ ಕಂಕುಳಿನಿಂದ ಜಾರಿದ್ದ ಕೋಲು ಸುಳಿಗೆ ಸಿಕ್ಕಿ, ಕೊಂಬೆಯ ಬುಡದಲ್ಲಿ ಒಮ್ಮೆ ನೆಟ್ಟಗೆ ನಿಂತು, ಸದ್ದಿಲ್ಲದೆ ಒಳಗಿಳಿದುಹೋಯಿತು. ಆಯಿ ನೋಡಿದರು. ಬಿಡು ಎಂದವರು ಎರಡೂ ಕೈಯಿಂದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಒಳಗೆ ಬಂದು ಆಯಿ ಅವ್ವನ ಸೀರೆ ಉಟ್ಟು ಕುರ್ಚಿಯಲ್ಲಿ ಕೂತರು. ಶಿರಾ ತಳ ಹಿಡಿದಿತ್ತು. ನನ್ನ ಬೈಗುಳವನ್ನು ಇಡೀ ಗಲ್ಲಿ ಕೇಳಿತ್ತು, ಹುಡುಗ ನೆಲ ನೋಡುತ್ತಿದ್ದ, ಅವ್ವನ ಮುಖದಲ್ಲಿ ನನ್ನ ಮದುವೆ ಮುರಿದದ್ದು ಆಗಲೇ ಕಾಣುತ್ತಿತ್ತು. ನನಗೆ ಎದೆ ಒಡೆಯುವಷ್ಟು ದುಃಖ. ಆದರೂ ಆ ತೇಲಿಹೋದ ಚಪ್ಪಲಿ ನೆನಪಾಗಿ, ಹಾಳಾದ ನಗು ಒತ್ತಿ ಒತ್ತಿ ಬರುತ್ತಿತ್ತು.

ಕಾಕಾ ಮಾತ್ರ ಪದ್ಧತಿ ಬಿಡಲಿಲ್ಲ. "ಹುಡುಗಿಗಿ ಹಾಡು ಬರ್ತಾವೇನ್ರಿ?" ಎಂದು ಕೇಳಿದರು.

"ಹಾಡ್ಯಾಕ? ಬೈಗಳ ಕೇಳೀನಲ್ಲ," ಎಂದರು ಆಯಿ.

ಅವ್ವ ತಲೆ ತಗ್ಗಿಸಿದಳು. ಆಯಿ ತಟ್ಟೆಯನ್ನು ಅವಳ ಮುಂದೆ ಹಿಡಿದು ಇನ್ನಷ್ಟು ಶಿರಾ ಹಾಕಿಸಿಕೊಂಡರು. ಆಮೇಲೆ ಮೊಮ್ಮಗನ ಕಡೆ ತಿರುಗಿದರು.

"ನಮ್ಮ ಮನ್ಯಾಗ ನಾ ಏನಂದ್ರೂ ಎಲ್ಲಾರೂ ಹೌದ್ರಿ ಹೌದ್ರಿ ಅಂತೀರಿ. ನಿಮ್ಮಜ್ಜ ಹೋದಮ್ಯಾಗ ನನ್ನ ಬೈಯವ್ರು ಯಾರೂ ಉಳದಿಲ್ಲ. ಈಕಿ ಬರಲಿ."

ಅವ್ವ ಸಕ್ಕರೆ ಡಬ್ಬಿಗೆ ಓಡಿದಳು. ನಾನು ಕೂತಲ್ಲೇ ಅತ್ತೆ, ಅಳುತ್ತಲೇ ನಕ್ಕೆ. ನೀರು ಇಳಿಯದೆ ಕಾರಿನವರೆಗೆ ಹೋಗುವಂತಿಲ್ಲ ಎಂದು ಕಾಕಾ ಗೊಣಗಿದರು. ಆಯಿ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಅಜ್ಜ ತಮ್ಮನ್ನು ಹೇಗೆಲ್ಲ ಬೈಯುತ್ತಿದ್ದರೆಂದು ಒಂದೊಂದೇ ಹೇಳತೊಡಗಿದರು. ಇಷ್ಟು ವರ್ಷ ಶಾಪ ಹಾಕಿದ್ದ ಗಲ್ಲಿಯ ನೀರು ಅವತ್ತು ಸಂಜೆಯವರೆಗೂ ಇಳಿಯದಿರಲಿ ಎಂದು ನಾನು ಬೇಡಿಕೊಂಡೆ.