ಹಂಪಯ್ಯ ತೋರಿಸದ ಗಾಯ

ಸನತ್‌ನಗರದ ಶೆಡ್ಡಿನಲ್ಲಿ ಹಂಪಯ್ಯನ ಲೇತ್ ಮಷೀನಿನ ಪಕ್ಕದ್ದೇ ನನ್ನದು. ಇಬ್ಬರೂ ಲಿಂಗಸುಗೂರು ಕಡೆಯವರು, ಹೈದರಾಬಾದಿಗೆ ಒಂದೇ ಬಸ್ಸಿನಲ್ಲಿ ಬಂದವರು. ಕಬ್ಬಿಣ ಕಡೆಯುವಾಗ ಎಣ್ಣೆ ಚಿಮ್ಮಿ ಪ್ಯಾಂಟಿನ ಮುಂಭಾಗ ಸದಾ ತೊಯ್ದಿರುತ್ತಿತ್ತು. ಕೈ ಒರೆಸಿದ ಅರಿವೆಯನ್ನು ಜೇಬಿಗೇ ತುರುಕಿಕೊಳ್ಳುವುದು ನಮ್ಮ ರೂಢಿ. ಇಪ್ಪತ್ತಾರು ವರ್ಷ ಹಾಗೇ ಕಳೆದವು. ಎಣ್ಣೆಗೆ ಅಂಜುವವನು ಎಂಥ ಟರ್ನರ್ ಎಂದು ಹೊಸಬರನ್ನು ನಾವೇ ಕಿಚಾಯಿಸುತ್ತಿದ್ದೆವು.

ಮೂರು ವರ್ಷದ ಹಿಂದೆ ಅವನ ವೃಷಣದ ಚೀಲದ ಮೇಲೆ ಕಡಲೆಕಾಳಿನಷ್ಟು ಒಂದು ಗಂಟು ಎದ್ದಿತು. ಇದು ನನಗೆ ಗೊತ್ತಾದದ್ದು ಭಾಳ ತಡವಾಗಿ. ಗಂಟು ಎದ್ದಾಗ ಅವನು ಹೇಳಿದ್ದು, "ತೊಡಿಮ್ಯಾಲ ಗಜಕರ್ಣ ಆಗೈತಿ" ಅಂತ. ಮೆಡಿಕಲ್ ಶಾಪಿನಲ್ಲೂ ತೊಡೆ, ಓಣಿಯ ದವಾಖಾನೆಯಲ್ಲೂ ತೊಡೆ. ಅಲ್ಲಿದ್ದವರು ಹೆಣ್ಣು ಡಾಕ್ಟರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಚೀಟಿ ಬರೆಸಿಕೊಂಡು ಬಂದ. ಆ ಮುಲಾಮನ್ನು ನಾನೇ ಎಷ್ಟೋ ಸಲ ತಂದುಕೊಟ್ಟಿದ್ದೇನೆ. ಗಂಟು ಒಡೆದು ಹುಣ್ಣಾದ ಮೇಲೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದ. ಹೆಂಡತಿ ಸೂಗಮ್ಮ ಓಣಿಯ ಹೆಂಗಸರ ಮುಂದೆ ಗಂಡನನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ದಿನ ಕಾಲೆತ್ತಿಡಲಾಗದೆ ಮಷೀನಿನ ಬದಿಗೆ ಕುಸಿದ. ಆಗ ಬಾಯಿ ಬಿಟ್ಟ. ನಾನು ಬೈಯುತ್ತಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಹುಣ್ಣಿನ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಹತ್ತು ದಿನ ಬಿಟ್ಟು ಅಲ್ಲಿನ ಡಾಕ್ಟರು ಕೂರಿಸಿ ಹೇಳಿದರು: ಇದು ಚರ್ಮದ ಕ್ಯಾನ್ಸರು, ಆ ಜಾಗದಲ್ಲಿ ತೀರಾ ಅಪರೂಪ. ವರ್ಷಗಟ್ಟಲೆ ಎಣ್ಣೆ ಮೆತ್ತಿಕೊಂಡಿದ್ದೇ ಕಾರಣವಿರಬಹುದು. ಗಂಟಾಗಿದ್ದಾಗಲೇ ಬಂದಿದ್ದರೆ ಕತ್ತರಿಸಿ ತೆಗೆದು ಮನೆಗೆ ಕಳಿಸಬಹುದಿತ್ತು. ಈಗ ತೊಡೆಸಂದು ದಾಟಿ ಶ್ವಾಸಕೋಶಕ್ಕೂ ಹೋಗಿದೆ. ನೋವು ಕಡಿಮೆ ಮಾಡಬಹುದು, ಅಷ್ಟೆ.

ನನಗೆ ಅವನ ಮೇಲೆ ಸಿಟ್ಟು ಬಂತು. ಒಮ್ಮೆಯೂ ತೋರಿಸು ಎನ್ನದ ನನ್ನ ಮೇಲೆ ಇನ್ನೂ ಹೆಚ್ಚು ಬಂತು. "ನನಗರ ಹೇಳಬಾರ್ದಿತ್ತೇನಲೇ?" ಎಂದೆ.

"ಹೆಂಗ ಹೇಳ್ಲಿ ಚಂದ್ರಾಮ, ನಾಚಿಕಿ ಬಂತು" ಎಂದ. ಆಸ್ಪತ್ರೆಯ ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡ. "ಸೂಗಿಗೆ ಹೊಟ್ಟಿ ಕ್ಯಾನ್ಸರ್ ಅಂತ ಹೇಳು. ನಾ ಸತ್ತಮ್ಯಾಲ ಮಂದಿ ಅಕಿ ಮುಂದ ನಗಬಾರ್ದು."

ನಾನು ಹಾಗೇ ಹೇಳಿದೆ. ಅಂದಿನಿಂದ ಸೂಗಮ್ಮ ಅವನಿಗೆ ಜೋಳದ ರೊಟ್ಟಿ ನಿಲ್ಲಿಸಿದಳು, ಖಾರ ನಿಲ್ಲಿಸಿದಳು. "ಹೊಟ್ಟಿಗೆ ತ್ರಾಸ ಆಗಬಾರ್ದಲ್ರಿ ಅಣ್ಣಾ" ಎನ್ನುತ್ತ ಮೂರು ಹೊತ್ತೂ ಸಪ್ಪನೆ ಗಂಜಿ ಕುಡಿಸಿದಳು. ಪಕ್ಕದ ಮನೆಯಲ್ಲಿ ರೊಟ್ಟಿ ಬೇಯುವ ವಾಸನೆ ಬಂದರೆ ಹಂಪಯ್ಯ ಬಾಗಿಲ ಕಡೆ ನೋಡುತ್ತಿದ್ದ. ನಿಜ ಹೇಳಿಬಿಡಲೇನು ಎಂದು ನಾನು ಕಣ್ಣಲ್ಲೇ ಕೇಳಿದರೆ ಬೇಡವೆಂದು ತಲೆಯಾಡಿಸಿ ಬಟ್ಟಲು ಎತ್ತುತ್ತಿದ್ದ. ಅವನ ಹೊಟ್ಟೆಗೆ ಏನೂ ಆಗಿರಲಿಲ್ಲ, ಹಸಿವು ಚೆನ್ನಾಗಿಯೇ ಇತ್ತು. ನಾಲ್ಕು ತಿಂಗಳು ಗಂಜಿ ಕುಡಿದು ಸತ್ತ.