ಹುಣಸೆ ನಂಜಮ್ಮನ ಲಾರಿ

ಬೆಳಗಿನ ಹೊತ್ತು ನಂಜಮ್ಮನವರಿಗೆ ಮುಖವಿರುತ್ತಿರಲಿಲ್ಲ, ದನಿ ಮಾತ್ರ. ಲಾರಿ ಹೊರಡುವಾಗ ಅವರು ಅರೆ ಮುಚ್ಚಿದ ಕದದ ಹಿಂದೆ ನಿಂತು, "ನೀರು ಉಯ್ದಿದೀಯೇನಪ್ಪ? ಇಂದ್ಲ ಚಕ್ರ ನೋಡ್ದ್ಯಾ?" ಎಂದು ಕೇಳುತ್ತಿದ್ದರು. ಲಾರಿ ಬೀದಿಯ ತಿರುವು ದಾಟಿದ ಮೇಲೆಯೇ ಅಂಗಳಕ್ಕೆ ಬಂದು ಹುಣಸೆಹಣ್ಣು ಹರಡುವುದು. ಗಂಡ ಸತ್ತ ಹೆಂಗಸಿನ ಮುಖ ನೋಡಿಕೊಂಡು ಪ್ರಯಾಣ ಹೊರಡಬಾರದೆಂದು ಊರಿನ ನಂಬಿಕೆ. ಆ ಮನೆಯ ಲಾರಿ ಓಡಬೇಕಾದರೆ ಆ ಮನೆಯ ಯಜಮಾನಿ ಮರೆಯಾಗಬೇಕಿತ್ತು.

ನಾನು ಸೇಲಂನ ಕನ್ನಡ ಮಾತಾಡುವ ಮಗ್ಗದವರ ಮನೆಯ ಹುಡುಗ. ಒಬ್ಬ ಬಸ್ ಡ್ರೈವರನ ಹಿಂದೆ ಬಿದ್ದು, ಅವನ ಗಾಡಿ ತೊಳೆದು, ಹ್ಯಾಂಡಲ್ ತಿರುಗಿಸಿ, ಹೇಗೋ ಡ್ರೈವಿಂಗ್ ಕಲಿತೆ. ಮೂವತ್ತರ ದಶಕದ ನಡುವೆ ಲೈಸೆನ್ಸೂ ಸಿಕ್ಕಿತು. ಕೆಲಸ ಸಿಗಲಿಲ್ಲ. ಶೆವ್ವಾಪೇಟೆಯ ಮಂಡಿಗಳಲ್ಲಿ ಲಾರಿ ಇಟ್ಟಿದ್ದವರನ್ನೆಲ್ಲ ಕೇಳಿದೆ. ಧರ್ಮಪುರಿ ದಾರಿಯ ತೊಪ್ಪೂರು ಘಾಟ್ ಇಳಿಸಿದ್ದೀಯಾ ಎಂಬುದೊಂದೇ ಎಲ್ಲರ ಪ್ರಶ್ನೆ. ಲಾರಿ ಕೈಗೆ ಬಾರದೆ ಘಾಟ್ ಇಳಿಸುವುದು ಹೇಗೆ, ಘಾಟ್ ಇಳಿಸದೆ ಲಾರಿ ಕೈಗೆ ಬರುವುದು ಹೇಗೆ? ಅಪ್ಪ ಮಗ್ಗದಿಂದ ತಲೆ ಎತ್ತದೆಯೇ, "ಆ ಕಾಗ್ದ ಇಟ್ಕಂಡು ಇನ್ನೆಷ್ಟು ದಿನ ಸುತ್ತೀಯಲಾ? ಬಂದು ಲಾಳಿ ಇಡ್ಕೊ," ಎನ್ನುತ್ತಿದ್ದ.

ಕೊನೆಗೆ ಒಂದು ಮಂಡಿಯ ಗುಮಾಸ್ತ ನನ್ನ ಮುಖ ನೋಡಿ ನಕ್ಕ. "ಧರ್ಮಪುರೀಲಿ ಉಣಸೆ ನಂಜಮ್ಮನ ಲಾರಿ ಸುಮ್ನೆ ನಿಂತೈತೆ. ಕರುದ್ರೆ ಎಲ್ಲಾ ಡ್ರೈವರೂ ವರಮಾಟ್ಟೇನ್, ಬರಾಕಿಲ್ಲ ಅಂತಾರೆ. ನೀನಾದ್ರೂ ಓಗಿ ಕೇಳು, ನಿನ್ಗೂ ಬೇರೆ ಗತಿ ಇಲ್ಲ."

ನಾನು ಹೋದಾಗ ಮಧ್ಯಾಹ್ನ. ನಂಜಮ್ಮನವರು ಜಗುಲಿಯ ಮೇಲೆ ಕಾಲು ಚಾಚಿ ಕೂತು, ಕೊಡತಿಯಿಂದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಎತ್ತರದ ಹೆಂಗಸು. ಹಣ್ಣಿನ ಕಂದು ಮೊಣಕೈವರೆಗೂ ಹತ್ತಿತ್ತು. ಪಕ್ಕದ ಹೊಂಗೆ ಮರದ ಕೆಳಗೆ ಎಲೆ, ಹಕ್ಕಿ ಹಿಕ್ಕೆ ಮೆತ್ತಿಕೊಂಡು ಲಾರಿ ನಿಂತಿತ್ತು.

"ಘಾಟ್ ಇಳ್ಸಿದೀಯಾ?" ಅವರೂ ಅದನ್ನೇ ಕೇಳಿದರು.

"ಇಲ್ಲಮ್ಮ."

ಕೊಡತಿ ನಿಂತಿತು. "ಬಂದೋರೆಲ್ಲ ದಿನಾ ಇಳುಸ್ತೀನಿ ಅಂದ್ರು. ಲಾರಿ ಕತೆ ಕೇಳಿದ್ಮೇಲೆ ಮತ್ತೆ ಈ ಕಡೆ ತಲೆ ಆಕ್ನಿಲ್ಲ. ನೀನೂ ಕೇಳ್ಕೊ. ಆಮೇಲೆ ಬತ್ತೀನೋ ಇಲ್ವೋ ಏಳು."

ಆ ಲಾರಿಯನ್ನು ಅವರ ಗಂಡನೇ ಓಡಿಸುತ್ತಿದ್ದರಂತೆ. ಒಂದು ದಿನ ತೊಪ್ಪೂರಿನ ಇಳಿಜಾರಿನಲ್ಲಿ ಚಕ್ರದಿಂದ ಹೊಗೆ ಬಂತೆಂದು ಲಾರಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಮುಂದೆ ಬಂದು ಬಗ್ಗಿ ನೋಡುತ್ತಿದ್ದರು. ಕಲ್ಲು ಜಾರಿತು. ಹೇರು ತುಂಬಿದ ಲಾರಿ ಅವರ ಮೇಲೆಯೇ ಹರಿದು, ಅಂಚಿನ ದಿಬ್ಬಕ್ಕೆ ತಾಗಿ ನಿಂತಿತು.

"ಕಲ್ಲು ಜಾರಿದ್ಕೆ ಲಾರಿ ದರಿದ್ರ ಅಂತಾರೆ, ನಾನು ದರಿದ್ರ ಅಂತಾರೆ," ಎಂದರು ನಂಜಮ್ಮ. "ಕಲ್ಲನ್ನ ಮಾತ್ರ ಯಾರೂ ಏನೂ ಅನ್ನಕಿಲ್ಲ."

ನಾನು ಬರುತ್ತೇನೆ ಎಂದೆ. ಧೈರ್ಯದಿಂದ ಅಂದದ್ದಲ್ಲ, ಬೇರೆ ಬಾಗಿಲಿರಲಿಲ್ಲ. ಅವರು ಆವತ್ತೇ ಆಚಾರಿಯನ್ನು ಕರೆಸಿ ಜಾಲಿಮರದ ದೊಡ್ಡ ಅಡೆಗಟ್ಟೆ ಮಾಡಿಸಿ, ಚಕ್ರಕ್ಕೆ ಕಲ್ಲಿನ ಬದಲು ಅದನ್ನೇ ಅಡ್ಡ ಕೊಡಬೇಕೆಂದು ನನ್ನ ಕೈಗಿತ್ತರು. ಮೊದಲ ಸಲ ಘಾಟ್ ಇಳಿಸುವ ದಿನ ಕದದ ಹಿಂದಿನಿಂದ ಮಾತು ಬಂತು: "ಮೇಲೇನೇ ಸಣ್ಣ ಗೇರ್ ಆಕ್ಕೊ. ಇಳೀತಾ ಇಳೀತಾ ಉಡುಕ್ಬೇಡ. ನಮ್ಮನೆಯೋರು ಏಳೋರು." ಆ ದಿನ ತೊಪ್ಪೂರು ಇಳಿದು ಬಯಲಿಗೆ ಬಂದಾಗ ನನ್ನ ಅಂಗಿ ನೀರಿನಲ್ಲಿ ಅದ್ದಿದಂತಾಗಿತ್ತು. ಆದರೆ ಇಳಿದಿದ್ದೆ.

ಸಂಜೆ ಬಂದರೆ ಜಗುಲಿಯಲ್ಲಿ ರಾಗಿಮುದ್ದೆ, ಹುಣಸೆ ಗೊಜ್ಜು ಕಾದಿರುತ್ತಿತ್ತು. ನಾನು ಉಣ್ಣುವಷ್ಟು ಹೊತ್ತೂ ಅವರು ದಾರಿಯನ್ನೇ ವಿಚಾರಿಸುತ್ತಿದ್ದರು. ತೊಪ್ಪೂರು ಹಳ್ಳದಲ್ಲಿ ನೀರು ಐತಾ, ಕೋತಿಗಳು ಲಾರಿಗೆ ಹತ್ತುತ್ತವಾ, ಸೇಲಂ ಪೇಟೆಯಲ್ಲಿ ಹೆಂಗಸರು ಅಂಗಡಿ ಇಟ್ಟಿರುವುದು ನಿಜವಾ. ಕಂಬೈನಲ್ಲೂರಿನ ತವರಿನಿಂದ ಎತ್ತಿನಗಾಡಿಯಲ್ಲಿ ಧರ್ಮಪುರಿಗೆ ಬಂದದ್ದೇ ಅವರ ದೊಡ್ಡ ಪ್ರಯಾಣ. ಗಂಡ ಒಮ್ಮೆ ಸೇಲಂ ತೋರಿಸುತ್ತೇನೆ ಎಂದಿದ್ದರಂತೆ.

ನಾಲಿಗೆ ಅವರದು ಹುಣಸೆಗಿಂತ ಹುಳಿ. ಒಮ್ಮೆ ಮೂಟೆ ಹೊರುವವರು ತಡವಾಗಿ ಬಂದು, ಅವರನ್ನು ಅಂಗಳದಲ್ಲಿ ಕಂಡೊಡನೆ ಮೂಟೆ ಕೆಳಗಿಟ್ಟು ನಿಂತುಬಿಟ್ಟರು. ಇವರು ಸರಿಯಲಿಲ್ಲ. "ಈ ಕೈ ಬಿಡ್ಸಿದ್ ಉಣಸೇಲೇ ಅಲ್ವಾ ನಿಮ್ಮನೆ ಸಾರು? ಕೈ ಆಗ್ತದೆ, ಮುಖ ಆಗಕಿಲ್ವಾ?" ಎಂದರು. ಒಬ್ಬ ನಕ್ಕ, ಉಳಿದವರು ತಲೆ ತಗ್ಗಿಸಿ ಮೂಟೆ ಎತ್ತಿದರು. ಆ ದಿನ ಲಾರಿಗೆ ಏನೂ ಆಗಲಿಲ್ಲ. ಸಂಜೆ ಅವರು ಅದನ್ನೇ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು.

ಅದಾದ ಮೇಲೆಯೇ ಇರಬೇಕು, ಒಂದು ಸಂಜೆ ಮೆಲ್ಲಗೆ ಕೇಳಿದರು: "ನನ್ನೂ ಒಂದ್ಸಲ ಕರ್ಕಂಡು ಓಗ್ತೀಯಾ? ನಮ್ಮನೆಯೋರು ತೀರೋದ ಜಾಗ ನೋಡ್ಬೇಕು."

ಲಾರಿಯಲ್ಲಿ ಅರ್ಧ ಪಾಲು ಅವರ ಮೈದುನ ಮಾದಪ್ಪನದು. ವಿಷಯ ಕಿವಿಗೆ ಬಿದ್ದೊಡನೆ ಓಡಿ ಬಂದ. "ಬ್ಯಾಡ ಅತ್ತಿಗೆ. ನೀವು ಲಾರೀಲಿ ಕೂತ್ರೆ ಯಾರು ಸರಕು ಆಕ್ತಾರೆ?"

"ಮಾದಪ್ಪ, ಅವ್ರು ಸತ್ತಾಗ ನಾನು ಲಾರೀಲಿ ಕೂತಿದ್ನಾ?" ಎಂದರು ನಂಜಮ್ಮ. ಅವನು ಹೆಗಲ ವಸ್ತ್ರ ಕೊಡವಿಕೊಂಡು ಹೊರಟುಹೋದ. ಒಪ್ಪಿದನೆಂದು ನಾವಿಬ್ಬರೂ ತಿಳಿದೆವು.

ಸುಗ್ಗಿಯ ಹುಣಸೆ ಹೇರಿಕೊಂಡು ಹೊರಟೆವು. ನಂಜಮ್ಮನವರು ನನ್ನ ಪಕ್ಕದ ಸೀಟಿನಲ್ಲಿ, ಸೆರಗು ಬಿಗಿದು, ಎರಡೂ ಕೈಯಲ್ಲಿ ಮುಂದಿನ ಹಲಗೆ ಹಿಡಿದು ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಕೈ ಸಡಿಲವಾಯಿತು. ಕುರಿಮಂದೆ ಅಡ್ಡ ಬಂದಾಗ ಹಾರನ್ ಒತ್ತಲು ಹೇಳಿ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಘಾಟಿನಲ್ಲಿ ಆ ಜಾಗ ಬಂತು. ಬೇರೆ ಡ್ರೈವರುಗಳು ನನಗೆ ತೋರಿಸಿಕೊಟ್ಟಿದ್ದರು. ನಿಲ್ಲಿಸಿ, ಅಡೆ ಕೊಟ್ಟು, ಅವರನ್ನು ಇಳಿಸಿದೆ. ಅಳುತ್ತಾರೆಂದು ಸ್ವಲ್ಪ ದೂರ ನಿಂತೆ. ಅವರು ಅಳಲಿಲ್ಲ. ರಸ್ತೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಅಂಗಾಲಿನಿಂದ ನೆಲ ಒತ್ತಿ ನೋಡಿದರು.

"ಇಷ್ಟೇನಾ ಇಳಿಜಾರು?" ಎಂದರು. "ನಾನು ಬೆಟ್ಟ ಅಂದ್ಕಂಡಿದ್ದೆ ಕಣಪ್ಪ. ದೊಡ್ಡ ಬೆಟ್ಟ."

ಅಲ್ಲಿಂದ ಸೇಲಂವರೆಗೆ ಅವರು ದಾರಿಯನ್ನೇ ನೋಡುತ್ತಿದ್ದರು. ಪೇಟೆಯಲ್ಲಿ ಇಳಿದಾಗ ಮಂಡಿಯವರು ತೂಕ ನಿಲ್ಲಿಸಿ ನೋಡಿದರು. ಬಿಳಿ ಸೀರೆ, ಬರಿಯ ಹಣೆ, ಲಾರಿಯ ಮುಂದಿನ ಸೀಟು. ಆ ಸುದ್ದಿ ನಮಗಿಂತ ಮೊದಲೇ ಧರ್ಮಪುರಿ ಮುಟ್ಟಿತ್ತೇನೋ. ಕಡಲೆಕಾಯಿ ಮೂಟೆ ಕೊಡುತ್ತಿದ್ದವರು ಬೇರೆ ಲಾರಿ ಹುಡುಕಿಕೊಂಡರು. ಕೆಲವೇ ದಿನಗಳಲ್ಲಿ ಲಾರಿಯ ಹಿಂದಿನ ಚಕ್ರದ ಅಚ್ಚು ಮುರಿಯಿತು. ಹಳೆಯ ಅಚ್ಚು, ಎಂದಾದರೂ ಮುರಿಯುವಂಥದ್ದೇ. ನಾನು ಹಾಗೆಂದರೆ ಕೇಳುವವರು ಯಾರು? ಮಾದಪ್ಪ ಕೂಗಾಡಲೂ ಇಲ್ಲ. ಅಚ್ಚು ಕಟ್ಟಿಸಿ, ಅತ್ತಿಗೆಯ ಪಾಲನ್ನೂ ಸೇರಿಸಿ, ಸೇಲಂನ ಒಬ್ಬ ಮಂಡಿ ಸಾಹುಕಾರನಿಗೆ ಲಾರಿ ಮಾರಿಬಿಟ್ಟ.

ಆ ಸಾಹುಕಾರ ಹಿಂದೆ ನನ್ನನ್ನು ಹೊರಗಿನಿಂದಲೇ ಕಳಿಸಿದ್ದವನು. ಈಗ ನಾನು ಘಾಟ್ ಇಳಿಸುವ ಡ್ರೈವರ್. ಲಾರಿಯ ಜೊತೆಗೆ ನನ್ನನ್ನೂ ಇಟ್ಟುಕೊಂಡ. ಲಾರಿಗೆ ಹಸಿರು ಬಣ್ಣ ಬಳಿಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ. ಅದರ ದರಿದ್ರದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅಪ್ಪ ಕೂಡ ಕೇರಿಯಲ್ಲಿ ನನ್ನ ಹೆಸರು ಹೇಳತೊಡಗಿದ. ನಾನು ಬಯಸಿದ್ದೆಲ್ಲ ನಂಜಮ್ಮನವರ ಅಂಗಳದಿಂದಲೇ ಸಿಕ್ಕಿತು. ಅವರಿಗೆ ಆ ಅಂಗಳದಲ್ಲಿ ಏನೂ ಉಳಿಯಲಿಲ್ಲ. ಕಂಬೈನಲ್ಲೂರಿಗೆ, ಅಣ್ಣನ ಮನೆಗೆ ಹೋದರೆಂದು ಕೇಳಿದೆ.

ಮಾರನೆಯ ವರ್ಷ ಉಪ್ಪಿನ ಮೂಟೆ ಇಳಿಸಲು ಕಂಬೈನಲ್ಲೂರಿಗೆ ಹೋಗಬೇಕಾಯಿತು. ಕೇಳಿಕೊಂಡು ಹೋದೆ. ಕಣದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಮೈ ಇಳಿದಿತ್ತು. ನನ್ನನ್ನು ಕಂಡು, "ಬಾರಪ್ಪ, ನಲ್ಲಾ ಇದೀಯಾ?" ಎಂದು ತಮಿಳು ಬೆರೆಸಿ ಕರೆದರು. ಮಜ್ಜಿಗೆ ತರಿಸಿ ಕೊಟ್ಟರು. ಎದ್ದು ಬಂದು ಲಾರಿಯ ಹೊಸ ಬಣ್ಣವನ್ನು ಕೈಯಿಂದ ಸವರಿ, "ಚೆಂದಾಗೈತೆ," ಎಂದರು.

"ಖಾಲಿ ಗಾಡಿ ಅಮ್ಮ, ಪೆನ್ನಾಗರದ ಕಡೆ ಓಗ್ತಾ ಇವ್ನಿ. ಬನ್ನಿ, ಅಂಗೇ ಒಗೆನಕಲ್ ತೋರುಸ್ಕಂಡು ತಂದು ಬುಡ್ತೀನಿ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ ಕಣಪ್ಪ. ನಾನೊಂದ್ಸಲ ಕೂತಿದ್ಕೆ ಲಾರೀನೇ ಓಯ್ತು. ಇನ್ನೊಂದ್ಸಲ ಕೂತು ನಿನ್ ಕೆಲ್ಸಾನೂ ಕಳೀಲಾ?"

ತಮಾಷೆಯಿರಬಹುದೆಂದು ಅವರ ಮುಖ ನೋಡಿದೆ. ತಮಾಷೆಯಲ್ಲ. ಊರೆಲ್ಲ ಆಡಿದ ಮಾತಿಗೆ ಊರಿಗೇ ಎದುರು ನಿಂತು ಉತ್ತರ ಕೊಟ್ಟಿದ್ದ ಹೆಂಗಸು, ಅದೇ ಮಾತನ್ನು ತಾವೇ ನಂಬಿ ಹೇಳುತ್ತಿದ್ದರು. "ಓಗು, ಬಿಸ್ಲು ಏರ್ತದೆ," ಎಂದು ಅವರೇ ಕಳಿಸಿಕೊಟ್ಟರು. ಮುಂದಿನ ಸುಗ್ಗಿಯ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಆ ದಿನ ಪೆನ್ನಾಗರದವರೆಗೂ ಖಾಲಿ ಲಾರಿ ಕಲ್ಲುದಾರಿಯಲ್ಲಿ ಗಡಗಡ ಸದ್ದು ಮಾಡುತ್ತ ಹೋಯಿತು. ಹೇರಿಲ್ಲದ ಗಾಡಿ ಅಷ್ಟು ಭಾರವಾಗಿ ನನಗೆ ಮತ್ತೆಂದೂ ಅನ್ನಿಸಿಲ್ಲ.