ಗಂಗವ್ವನ ತೋಳಿಗೆ ಬೇವಿನ ನೀರು

ನಿನ್ನೆ ಮೊಮ್ಮಗಳ ಕೂಸಿಗೆ ಲಸಿಕೆ ಹಾಕಿಸಲು ಬೆಟಗೇರಿಯ ದವಾಖಾನೆಗೆ ಹೋಗಿದ್ದೆವು. ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಪಡಸಾಲೆ ಕಣ್ಣಮುಂದೆ ಬಂತು.

ಸ್ವಾತಂತ್ರ್ಯ ಬಂದ ಹೊಸತು. ಆ ವಾರವೇ ನನಗೆ ಸಿಡುಬಿನ ಲಸಿಕೆಯನ್ನು ಶಾಲೆಯಲ್ಲೇ ಹಾಕಿದ್ದರು. ತಂಗಿ ಗಂಗವ್ವ ಇನ್ನೂ ತೊಟ್ಟಿಲ ಕೂಸು. ಅವಳಿಗೆ ಹಾಕಲು ನರ್ಸಬಾಯಿ ನಮ್ಮ ಪಡಸಾಲೆಗೇ ಬಂದರು. ಹಣೆ ಮುಟ್ಟಿ ಜ್ವರವಿಲ್ಲವೆಂದು ನೋಡಿಕೊಂಡು, ತೋಳಿಗೆ ಹಾಕಿ, "ಯವ್ವಾ, ಅದು ತಾನ ಒಣಗಲಿ. ನೀರು ಮುಟ್ಟಿಸಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ" ಎಂದರು.

"ಆತ್ರಿ ಬಾಯಾರ," ಎಂದಳು ನನ್ನ ಅಜ್ಜಿ.

ಅವರು ಓಣಿ ದಾಟುವ ಮೊದಲೇ ಬೇವಿನ ನೀರಿನಲ್ಲಿ ಅರಿವೆ ಅದ್ದಿ, ಆ ತೋಳನ್ನು ತಿಕ್ಕಿ ತೊಳೆದು ಅರಿಸಿನ ಹಚ್ಚಿದಳು. ಸಿಡುಬೆಂದರೆ ದೇವಿ, ದೇವಿ ಮೈಮೇಲೆ ಎದ್ದರೆ ತಂಪು ಮಾಡಬೇಕೆಂಬುದಷ್ಟೇ ಅವಳಿಗೆ ಗೊತ್ತಿತ್ತು.

ನನ್ನ ತೋಳು ಕೀವು ತುಂಬಿ ಬಾತಿತು. ಗಂಗವ್ವನಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಅಜ್ಜಿ ಓಣಿಗೆಲ್ಲ ತೋರಿಸಿದಳು: "ನೋಡ್ರಿ, ನನ್ನ ಬೇವು ಹೆಂಗ ತಂಪ ಮಾಡೇತಿ!"

ಮುಂದಿನ ಬೇಸಿಗೆಗೆ ಓಣಿಯಲ್ಲಿ ಸಿಡುಬು ಎದ್ದಿತು. ನನಗೆ ಬರಲಿಲ್ಲ. ಗಂಗವ್ವ ಉಳಿಯಲಿಲ್ಲ. ತೊಳೆದದ್ದು ಲಸಿಕೆಯನ್ನೇ ಎಂದು ನರ್ಸಬಾಯಿಯಿಂದ ತಿಳಿದ ಮೇಲೆ, ನನ್ನ ಮೈಗೆ ಎಣ್ಣೆ ಹಚ್ಚುವಾಗಲೆಲ್ಲ ಅಜ್ಜಿಯ ಹೆಬ್ಬೆರಳು ನನ್ನ ತೋಳಿನ ಲಸಿಕೆಯ ಕಲೆಯ ಮೇಲೆ ನಿಂತುಬಿಡುತ್ತಿತ್ತು.

"ಮನಿಗೆ ಹೋಗಿ ಏನೂ ಹಚ್ಚಬ್ಯಾಡ್ರಿ, ತಿಕ್ಕಬ್ಯಾಡ್ರಿ," ಎಂದಳು ನಿನ್ನೆಯ ನರ್ಸ್.

"ಆತ್ರಿ," ಎಂದಳು ಮೊಮ್ಮಗಳು.

ಅಜ್ಜಿಯೂ ಹಾಗೇ ಅಂದಿದ್ದಳು. ಸಂಜೆಯವರೆಗೂ ನಾನು ಕೂಸನ್ನು ಯಾರ ಕೈಗೂ ಕೊಡಲಿಲ್ಲ.